ಗೊತ್ತಪ್ಪನ ಅಜ್ಞಾನ ಪರೀಕ್ಷೆ

ಅವನ ನಿಜವಾದ ಹೆಸರು ಸಿಮೆಂಟು ಡಿಪೋದ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಊರಿಗೆ ಅವನು ಗೊತ್ತಪ್ಪ. ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧ ಮಾತಿಗೇ “ಗೊತ್ತು, ಗೊತ್ತು” ಎನ್ನುವುದು ಅವನ ರೂಢಿ. ಒಮ್ಮೆ ಡಿಪೋದಲ್ಲಿ ಲಾರಿ ಹಿಂದಕ್ಕೆ ಬರುತ್ತಿದೆ, ಸರಿದು ನಿಲ್ಲು ಎಂದು ಕ್ಲೀನರ್ ಕೂಗಿದಾಗಲೂ “ಗೊತ್ತು” ಎಂದು ನಿಂತಲ್ಲೇ ನಿಂತಿದ್ದ. ಎಡಗಾಲಿನ ಎರಡು ಬೆರಳಿಗೆ ಇವತ್ತಿಗೂ ಉಗುರಿಲ್ಲ.

ಇಂಥವನ ಮನೆಗೆ ಎಂಟು ತಿಂಗಳ ಹಿಂದೆ ಒಂದು ಕಾವು ಪೆಟ್ಟಿಗೆ ಬಂದು ಕೂತಿತು. ಪ್ಲೈವುಡ್ಡಿನ ಪೆಟ್ಟಿಗೆ. ಮೇಲೆ ಗಾಜು ಕೂರಿಸಿದ ಮುಚ್ಚಳ. ಒಳಗೆ ಎರಡು ಬಲ್ಬು, ಅಂಗೈಯಗಲದ ಫ್ಯಾನು, ಒಂದು ಬಟ್ಟಲು ನೀರು, ದಾರ ಕಟ್ಟಿ ಇಳಿಬಿಟ್ಟ ಥರ್ಮಾಮೀಟರು. ನೂರು ಮೊಟ್ಟೆ ಇಟ್ಟರೆ ಕೋಳಿಯ ಹಂಗಿಲ್ಲದೆ ಇಪ್ಪತ್ತೊಂದನೇ ದಿನಕ್ಕೆ ಮರಿ. ತಂದವಳು ಅವನ ಹೆಂಡತಿ. ಅವಳು, ಮನೆಮನೆಗೆ ಹಾಲು ಹಾಕುವ ಹಾಲಿನಕ್ಕ, ದರ್ಜಿಯ ಸೊಸೆ, ಇಟ್ಟಿಗೆ ಭಟ್ಟಿಯಲ್ಲಿ ಹೊರೆ ಹೊರುವ ತಾಯಿ ಮತ್ತು ಮಗಳು, ಹೀಗೆ ಐದು ಜನ ಗುಂಪು ಕಟ್ಟಿ, ಒಬ್ಬರಿಗೊಬ್ಬರು ಜಾಮೀನು ನಿಂತು, ಹೆಂಗಸರಿಗೆಂದೇ ಸಣ್ಣ ಸಾಲ ಕೊಡುವ ಸಂಸ್ಥೆಯೊಂದರಿಂದ ಸಾಲ ಎತ್ತಿದ್ದರು. ಕಂತು ಒಂದೂ ತಪ್ಪಿರಲಿಲ್ಲ. ಈಗ ಐನೂರು ಮೊಟ್ಟೆಯ ದೊಡ್ಡ ಪೆಟ್ಟಿಗೆಗೆ ಎರಡನೇ ಸಾಲ ಕೇಳಿದ್ದರು. ಬಡಗಿಗೆ ಮುಂಗಡ ಹೋಗಿತ್ತು. ಶನಿವಾರದೊಳಗೆ ಉಳಿದ ಹಣ ಬರದಿದ್ದರೆ ಪೆಟ್ಟಿಗೆ ಬೇರೆಯವರಿಗೆ ಎಂದು ಅವನು ಹೇಳಿದ್ದ. ಭಟ್ಟಿಯ ತಾಯಿ ಮಗಳಂತೂ ಬರುವ ತಿಂಗಳಿಂದ ಇಟ್ಟಿಗೆ ಹೊರಲು ಬರುವುದಿಲ್ಲ ಎಂದು ಮೇಸ್ತ್ರಿಯ ಮುಖಕ್ಕೇ ಹೇಳಿಬಿಟ್ಟಿದ್ದರು. ಮೇಸ್ತ್ರಿ ಅವರ ಜಾಗಕ್ಕೆ ಬೇರೆ ಇಬ್ಬರನ್ನು ಹಿಡಿದೂ ಆಗಿತ್ತು.

ಈ ವ್ಯವಹಾರದಲ್ಲಿ ಗೊತ್ತಪ್ಪನ ಪಾಲು ಇಷ್ಟೇ: ಪೆಟ್ಟಿಗೆಗೆ ಜಾಗ ಬೇಕೆಂದು ಅವನ ಮಂಚವನ್ನು ಪಡಸಾಲೆಗೆ ಎಳೆದಿದ್ದರು. ಅದರ ಹತ್ತಿರ ಹೋದರೆ ಹೆಂಡತಿ “ಮುಟ್ಟಬೇಡಿ” ಎನ್ನುತ್ತಿದ್ದಳು. ಸುಮ್ಮನೆ ನಿಂತರೆ “ಅಲ್ಲಿ ನಿಲ್ಲಬೇಡಿ” ಎನ್ನುತ್ತಿದ್ದಳು.

ಬೀದಿಯಲ್ಲಿ ಮಾತ್ರ ಕಥೆಯೇ ಬೇರೆ. ಅಲ್ಲಿ ಅದು “ನಮ್ಮ ಮರಿ ಕಾರ್ಖಾನೆ.” ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಬಸ್ಸಿನ ಡ್ರೈವರು, ಕಾಯಂ ನೌಕರಿ, ಇಸ್ತ್ರಿ ಗೆರೆ ಮುರಿಯದ ಪ್ಯಾಂಟು. ಆ ಗೆರೆಯನ್ನು ನೋಡಿದಾಗಲೆಲ್ಲ ಗೊತ್ತಪ್ಪ ತನ್ನ ಬಟ್ಟೆಯ ಸಿಮೆಂಟು ಧೂಳು ಕೊಡವಿಕೊಳ್ಳುತ್ತಿದ್ದ. ಆ ಷಡ್ಡಕನಿಗೆ ಅವನು ಫೋನಿನಲ್ಲಿ “ಈ ಸಲ ತೊಂಬತ್ತು ಮರಿ ಇಳಿಸಿದೆ” ಎಂದಿದ್ದ. ಕೇಳಿದವರಿಗೆ ಮೊಟ್ಟೆಗಳ ಮೇಲೆ ಖುದ್ದು ಅವನೇ ಕೂತಿದ್ದನೇನೋ ಅನ್ನಿಸಬೇಕು.

ಇಷ್ಟರಿಂದ ಯಾರಿಗೂ ನಷ್ಟವಿರಲಿಲ್ಲ. ನಷ್ಟ ಸೋಮವಾರ ಬಂತು.

ಸೋಮವಾರ ಡಿಪೋಗೆ ರಜೆ. ಹೆಂಡತಿ ಮುಂದಿನ ಸಲಕ್ಕೆ ಮೊಟ್ಟೆ ತರಲು ಹೋಗಿದ್ದಳು. ಆ ಹೊತ್ತಿಗೆ ಸಂಸ್ಥೆಯ ಫೀಲ್ಡ್ ಆಫೀಸರು ಬೈಕಿನಲ್ಲಿ ಬಂದರು. ಅವರು ಯಾರ ಮನೆಗೆ ಹೋದರೂ ತಲೆಯ ಹೆಲ್ಮೆಟ್ಟು ತೆಗೆಯುತ್ತಿರಲಿಲ್ಲ. ಎಂದೋ ಒಂದು ಮನೆಯಲ್ಲಿ ತೆಗೆದಿಟ್ಟಾಗ ಅದರೊಳಗೆ ಕೋಳಿ ಮೊಟ್ಟೆಯಿಟ್ಟಿತ್ತಂತೆ. ಹೆಂಗಸರು ಅವರನ್ನು ಹೆಲ್ಮೆಟ್ ಸಾಹೇಬರು ಎನ್ನುತ್ತಿದ್ದರು.

“ಅಮ್ಮಾವ್ರಿಲ್ವಾ?”

“ಇಲ್ಲ. ನಾನಿದ್ದೀನಲ್ಲ, ಬನ್ನಿ. ನಾನು ಅವಳ ಮನೆಯವರು.”

ಸಾಹೇಬರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿ ಕೇಳಿದರು. “ಇದರಲ್ಲಿ ನೀವೇನು ಮಾಡ್ತೀರ?”

ಎಂಟು ತಿಂಗಳಿಂದ ಯಾರೂ ಅವನನ್ನು ಕೇಳದೇ ಇದ್ದ ಪ್ರಶ್ನೆ ಅದು. ಅದಕ್ಕೆ ‘ಏನೂ ಇಲ್ಲ’ ಎಂಬ ಎರಡು ಪದದ ಸತ್ಯವಾದ ಉತ್ತರವೂ ಇತ್ತು. ಅದು ಗಂಟಲವರೆಗೆ ಬಂದು, ಹೊರಗೆ ಪೆನ್ನು ಕಾಗದ ಹಿಡಿದ ಮನುಷ್ಯನನ್ನು ಕಂಡು, ಮರ್ಯಾದೆಗೆ ಅಂಜಿ ವಾಪಸು ಹೋಯಿತು.

“ಏನು ಮಾಡಲ್ಲ ಅಂತ ಕೇಳಿ ಸಾರ್. ಐಡಿಯಾ ನಂದು. ಮೊಟ್ಟೆ ಆರಿಸೋದು ನಾನು, ಕಾವು ನೋಡೋದು ನಾನು, ಮಾರೋದು ನಾನು. ನಿದ್ದೆಗೆಟ್ಟು ಕಾಯೋದೂ ನಾನೇ.”

“ಮತ್ತೆ ಅಮ್ಮಾವ್ರು?”

“ಪಾಪ, ಹೆಂಗಸು. ಸಹಿ ಹಾಕ್ತಾಳೆ.”

“ಉಳಿದ ನಾಲ್ಕು ಜನ?”

“ಅವರೂ ಸಹಿ ಹಾಕ್ತಾರೆ. ಸುಳ್ಳು ಹೇಳಬಾರದು ಸಾರ್, ಐದೂ ಜನ ತುಂಬ ಚೆನ್ನಾಗಿ ಸಹಿ ಹಾಕ್ತಾರೆ.”

ಸಾಹೇಬರು ಒಂದಕ್ಷರ ಬಿಡದೆ ಬರೆದುಕೊಂಡು, ಕೆಳಗೆ ಅವನ ಸಹಿ ತೆಗೆದುಕೊಂಡರು. ಗೊತ್ತಪ್ಪ ಸಹಿಗೆ ಎಂದಿಗಿಂತ ಉದ್ದದ ಬಾಲ ಎಳೆದ. ಆ ಬಾಲದ ತುದಿಯಲ್ಲಿ ಐದು ಸಂಸಾರ ನೇತಾಡುತ್ತಿತ್ತು ಎಂಬುದು ಅವನಿಗೆ ತಿಳಿದದ್ದು ಸಂಜೆ.

ಸಂಜೆ ಆರಕ್ಕೆ ಐದೂ ಹೆಂಗಸರು ಅವನ ಮಂಚದ ಸುತ್ತ ನಿಂತಿದ್ದರು. ಸಂಸ್ಥೆಯಿಂದ ಹೆಂಡತಿಗೆ ಫೋನು ಬಂದಿತ್ತು. ಸಾಲ ಹೆಂಗಸರಿಗೆ; ಕೆಲಸವೂ ಹೆಂಗಸರ ಕೈಯಲ್ಲೇ ಇರಬೇಕು; ಗಂಡ ಕಿತ್ತುಕೊಂಡಿದ್ದಾನೆ ಎಂದು ಕಂಡರೆ ಎರಡನೇ ಸಾಲವಿಲ್ಲ, ಒಬ್ಬಳ ಮನೆಯಲ್ಲಿ ಹಾಗಾದರೆ ಐವರಿಗೂ ಇಲ್ಲ. ಗುರುವಾರ ಹತ್ತು ಗಂಟೆಗೆ ದೊಡ್ಡ ಮೇಡಂ ಖುದ್ದಾಗಿ ವಿಚಾರಣೆಗೆ ಬರುತ್ತಾರೆ, ಗಂಡ ಮನೆಯಲ್ಲೇ ಇರತಕ್ಕದ್ದು.

“ಅಣ್ಣಾ,” ಎಂದಳು ಹಾಲಿನಕ್ಕ. ಅವಳ ದನಿಗೆ ನೀರು ಬೆರೆಸಿ ಅಭ್ಯಾಸವಿರಲಿಲ್ಲ. “ಕಾವು ನೋಡೋದು ನೀವಾ?”

“ಅದು… ಮಾತಿಗೆ ಹೇಳಿದೆ.”

“ಮಾತಿಗೆ! ಇವರ ಮಾತಿಗೆ ನಾನು ಸಾಯೋವರೆಗೂ ಇಟ್ಟಿಗೆ ಹೊರಬೇಕಾ?” ಎಂದಳು ಭಟ್ಟಿಯ ಮಗಳು. ಅವಳ ತಾಯಿ ತಲೆಯ ಮೇಲಿನ ಸಿಂಬೆಯನ್ನು ತೆಗೆದು ಅವನ ಮಂಚದ ಮೇಲಿಟ್ಟು, ಅದನ್ನೇ ನೋಡುತ್ತ ಕೂತಳು. ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎಂದು ಗೊತ್ತಪ್ಪನಿಗೆ ಅನ್ನಿಸಿತು.

ಹೆಂಡತಿ ಒಂದೇ ಮಾತು ಹೇಳಿದಳು. “ಗುರುವಾರ ನೀವು ಏನೂ ಗೊತ್ತಿಲ್ಲ ಅನ್ನಬೇಕು. ಅಷ್ಟೇ.”

“ಗೊತ್ತು,” ಎಂದ ಗೊತ್ತಪ್ಪ.

ಹಾಲಿನಕ್ಕ ಹಣೆ ಚಚ್ಚಿಕೊಂಡಳು.

ಎರಡು ದಿನ ತಾಲೀಮು ನಡೆಯಿತು. ಹಾಲಿನಕ್ಕ ಮೇಡಂ ಆದಳು, ದರ್ಜಿಯ ಸೊಸೆ ಟೇಪನ್ನು ಕೊರಳಿಗೆ ಹಾಕಿಕೊಂಡು ಹೆಲ್ಮೆಟ್ ಸಾಹೇಬರಾದಳು. “ಕಾವು ಎಷ್ಟಿರಬೇಕು?” ಎಂದರೆ ಗೊತ್ತಪ್ಪ ಎದೆಯುಬ್ಬಿಸಿ “ಅದೇನಪ್ಪಾ ಅಂದ್ರೆ” ಎಂದು ಶುರುಮಾಡುತ್ತಿದ್ದ. ಆಮೇಲೆ ಏನು ಹೇಳಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ, ನಿಜ. ಆದರೆ ತಿಳಿಯದವನ ಮುಖ ಅವನಲ್ಲಿರಲಿಲ್ಲ. ನಲವತ್ತಾರು ವರ್ಷ ಎಲ್ಲ ಬಲ್ಲವನ ಮುಖವನ್ನೇ ಬಳಸಿ ಬಳಸಿ, ಇನ್ನೊಂದು ಮುಖ ಎಲ್ಲಿಟ್ಟಿದ್ದಾನೆಂದು ಅವನಿಗೇ ಮರೆತಿತ್ತು. ಹೆಂಡತಿ ಕನ್ನಡಿ ಹಿಡಿದು ತೋರಿಸಿದಳು. “ಹುಬ್ಬು ಇಳಿಸಿ. ಇನ್ನೂ ಇಳಿಸಿ. ಬಾಯಿ ಸ್ವಲ್ಪ ತೆರೀರಿ. ಹೂಂ, ಹಾಗೇ ಇರಿ.” ಹುಬ್ಬು ಇಳಿಸಿದರೆ ಗಲ್ಲ ಏರುತ್ತಿತ್ತು.

ಗುರುವಾರ ಬೆಳಿಗ್ಗೆ ಇನ್ನೆರಡು ವಿಪತ್ತು ಜೊತೆಗೇ ಬಂದವು.

ಒಂದು, ಅಂದು ಇಪ್ಪತ್ತೊಂದನೇ ದಿನ. ಕೆಟ್ಟವನ್ನು ತೆಗೆದ ಮೇಲೆ ಪೆಟ್ಟಿಗೆಯಲ್ಲಿ ಉಳಿದಿದ್ದ ಎಂಬತ್ತಾರು ಮೊಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು ಬಿಡತೊಡಗಿತ್ತು. ಹೆಂಡತಿ ಗಾಜಿಗೆ ಮೂಗು ತಾಗಿಸಿ ಕೂತಿದ್ದಳು. ಒಳಗಿನಿಂದ ಚಿಂವ್ ಎಂಬ ಸಣ್ಣ ಸದ್ದು.

ಎರಡನೆಯದು ಒಂಬತ್ತೂವರೆಯ ಬಸ್ಸಿನಿಂದ ಇಳಿಯಿತು. ಇಸ್ತ್ರಿ ಗೆರೆ, ಕೈಯಲ್ಲೊಂದು ಚೀಲ, ಮುಖದ ತುಂಬ ನಗು.

“ಏನ್ರೀ ಷಡ್ಡಕರೇ, ಕಾರ್ಖಾನೆ ಹೆಂಗಿದೆ? ಸಂಜೆ ಬಸ್ಸಿಗೆ ವಾಪಸು. ಅಷ್ಟರೊಳಗೆ ನಂಗೆ ಎಲ್ಲ ಕಲಿಸಿಕೊಡಬೇಕು.”

ಗೊತ್ತಪ್ಪ ಹೆಂಡತಿಯ ಕಡೆ ನೋಡಿದ. ಹೆಂಡತಿ ಗೋಡೆಯ ಕಡೆ ನೋಡಿದಳು. ಅಕ್ಕನ ಗಂಡನಿಗೆ ‘ಹೊರಗೆ ಹೋಗಿ ಭಾವ’ ಎನ್ನುವ ಹಾಗಿಲ್ಲ. ಷಡ್ಡಕ ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಅವನು ಟೀ ಲೋಟ ಕೆಳಗಿಡುವುದಕ್ಕೂ ಹೊರಗೆ ಬೈಕು ನಿಲ್ಲುವುದಕ್ಕೂ ಸರಿಹೋಯಿತು. ಹೆಲ್ಮೆಟ್ ಸಾಹೇಬರ ಹಿಂದಿನ ಸೀಟಿನಿಂದ ದೊಡ್ಡ ಮೇಡಂ ಇಳಿದರು.

ದೊಡ್ಡ ಮೇಡಂ ಸಣ್ಣ ಆಳು, ದನಿಯೂ ಸಣ್ಣದು. ಏರುದನಿಯವರ ಎದುರು ಜಗಳವಾದರೂ ಮಾಡಬಹುದು; ಇವರು ಮಾತಾಡಿದರೆ ಎದುರಿನವರು ಉಸಿರು ಬಿಗಿಹಿಡಿದು ಕೇಳಬೇಕಿತ್ತು. ಅವರು ಮೊದಲು ಹೆಂಡತಿಯನ್ನು ಹತ್ತು ಪ್ರಶ್ನೆ ಕೇಳಿದರು. ಹತ್ತಕ್ಕೂ ಸರಿಯುತ್ತರ ಬಂತು. ಹಾಲಿನಕ್ಕನ ಮುಖ ಅರಳುವಷ್ಟರಲ್ಲಿ ಮೇಡಂ ಹೇಳಿದರು. “ಸರಿ. ಆದರೆ ಬಾಯಿಪಾಠ ಮಾಡಿಸಿದ ಗಂಡಂದಿರನ್ನೂ ನೋಡಿದ್ದೀನಿ. ಹೆಂಡತಿ ಹೆಸರಲ್ಲಿ ಸಾಲ ಎತ್ತಿ ತಾವು ಬೈಕು ತಗೊಂಡು, ಕಂತು ಕಟ್ಟೋಕೆ ಅವಳನ್ನ ಕೂಲಿಗೆ ಕಳಿಸಿದವರು ಈ ವರ್ಷವೇ ಏಳು ಜನ. ಏಳೂ ಹೆಂಗಸರು ನನ್ನ ಮುಂದೆ ಇಷ್ಟೇ ಚೆನ್ನಾಗಿ ಉತ್ತರ ಕೊಟ್ಟಿದ್ರು.”

ಅವರು ಗೊತ್ತಪ್ಪನ ಕಡೆ ತಿರುಗಿದರು. “ನೀವು ಹೇಳಿ. ಇದರ ಬಗ್ಗೆ ನಿಮಗೇನು ಗೊತ್ತು?”

ಗೊತ್ತಪ್ಪ ಹುಬ್ಬು ಇಳಿಸಿದ. ಬಾಯಿ ಸ್ವಲ್ಪ ತೆರೆದ. “ಏನೂ ಗೊತ್ತಿಲ್ಲ ಮೇಡಂ.”

ಕುರ್ಚಿಯಲ್ಲಿ ಷಡ್ಡಕ ಗೊಳ್ಳೆಂದು ನಕ್ಕ. “ಎಂಥ ವಿನಯ ನೋಡಿ! ಮೇಡಂ, ನಮ್ಮ ಬಸ್ ಡಿಪೋದಲ್ಲೆಲ್ಲ ಇವರದ್ದೇ ಮಾತು. ಕಳೆದ ಸಲ ತೊಂಬತ್ತು ಮರಿ ಇಳಿಸಿದ್ರು!”

ಮೇಡಂ ಏನೋ ಬರೆದುಕೊಂಡರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಯ ಸರಳು ಹಿಡಿದು ಆಗಲೇ ನಿಂತಿದ್ದರು. ಬೀದಿಯವರಿಗೆಲ್ಲ ಬಾಯಿ ಮುಚ್ಚಿಕೊಂಡಿರಲು ಹೇಳಿ ಬಂದಿದ್ದ ಹಾಲಿನಕ್ಕನಿಗೆ ಅವರೊಬ್ಬರು ಮರೆತುಹೋಗಿದ್ದರು. ಮೇಡಂ ಅವರನ್ನೇ ಕೇಳಿದರು.

“ಅಯ್ಯೋ, ಎಲ್ಲ ಇವರದೇ ತಲೆ ಮೇಡಂ,” ಎಂದರು ಮೇಷ್ಟ್ರು. ಕಷ್ಟದಲ್ಲಿರುವ ನೆರೆಯವನಿಗೆ ಸಹಾಯ ಮಾಡುವ ಅವಕಾಶ ಅವರಿಗೆ ದಿನಾ ಸಿಗುತ್ತಿರಲಿಲ್ಲ. “ಹೋದ ವಾರ ಕೂಡ ನನಗೆ ಒಂದು ಗಂಟೆ ವಿವರಿಸಿದ್ರು. ಪ್ರಾಮಾಣಿಕ ಮನುಷ್ಯ. ಅವರ ಸಾಲ ದಯವಿಟ್ಟು ನಿಲ್ಲಿಸಬೇಡಿ.”

“ಅವರ ಸಾಲ,” ಎಂದು ಮೇಡಂ ಮೆಲ್ಲಗೆ ಹೇಳಿ, ಅದನ್ನೂ ಬರೆದುಕೊಂಡರು.

ಭಟ್ಟಿಯ ತಾಯಿ ಗೋಡೆಗೆ ಒರಗಿದಳು. ಜೀವಮಾನದಲ್ಲಿ ಮೊದಲ ಸಲ ಗೊತ್ತಪ್ಪ ಅಪ್ಪಟ ಸತ್ಯ ಹೇಳುತ್ತಿದ್ದ, ನಂಬಬೇಕಾದವರಲ್ಲಿ ಒಬ್ಬರೂ ನಂಬುತ್ತಿರಲಿಲ್ಲ.

“ಏನೂ ಗೊತ್ತಿಲ್ಲ ಅನ್ನೋ ಗಂಡನ್ನ ಕಂಡರೇ ನನಗೆ ಹೆಚ್ಚು ಅನುಮಾನ,” ಎಂದರು ಮೇಡಂ. “ಮೂರೇ ಪ್ರಶ್ನೆ. ಥಟ್ ಅಂತ ಹೇಳಬೇಕು. ಪೆಟ್ಟಿಗೆಯ ಕಾವು ಎಷ್ಟಿರಬೇಕು?”

ತಪ್ಪು ಹೇಳಬೇಕು. ಮೊಟ್ಟೆಗೂ ಕೋಳಿಗೂ ಸಂಬಂಧವೇ ಇಲ್ಲದ ಒಂದು ಅಂಕಿ ಬೇಕು. ಕಳೆದ ತಿಂಗಳು ಮೈ ಬಿಸಿಯಾಗಿದೆ, ಇವತ್ತು ಡಿಪೋಗೆ ಹೋಗಲಾರೆ ಎಂದು ಅವನು ಮಲಗಿದ್ದಾಗ ಹೆಂಡತಿ ಥರ್ಮಾಮೀಟರ್ ಇಟ್ಟು ನೋಡಿ, “ಇದೇನು ಜ್ವರ ಅಲ್ಲ, ಏಳಿ” ಎಂದಿದ್ದಳು. ಆ ಅಂಕಿ ಅವಮಾನದ ಜೊತೆಗೆ ನೆನಪಿತ್ತು.

“ತೊಂಬತ್ತೊಂಬತ್ತೂವರೆ!”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಸರಿಯುತ್ತರ.

“ಮೊಟ್ಟೆ ತಿರುಗಿಸೋದನ್ನ ಯಾವ ದಿನ ನಿಲ್ಲಿಸಬೇಕು?”

ನಿಲ್ಲಿಸುವುದೂ ಉಂಟೆ? ಇದು ತನ್ನನ್ನು ಹಿಡಿಯಲು ಕೇಳಿದ ಪ್ರಶ್ನೆಯೇ ಇರಬೇಕೆಂದು ಗೊತ್ತಪ್ಪನಿಗೆ ಖಾತ್ರಿಯಾಯಿತು. ಅವನ ಕಣ್ಣು ಒಂದು ಅಂಕಿಗಾಗಿ ಮನೆಯೆಲ್ಲ ತಡಕಾಡಿ, ಷಡ್ಡಕನ ಅಂಗಿಯ ಜೇಬಿನ ಬಿಲ್ಲೆಯ ಮೇಲೆ ನಿಂತಿತು. ಅದರ ಮೇಲೆ ಅವನ ಡ್ರೈವರ್ ನಂಬರು.

“ಹದಿನೆಂಟು. ಹದಿನೆಂಟನೇ ದಿನ.”

“ಶಭಾಷ್!” ಎಂದ ಷಡ್ಡಕ, ಮೇಡಂ ತಲೆಯಾಡಿಸಿದ್ದನ್ನು ನೋಡಿ. ಹಾಲಿನಕ್ಕ ಸೆರಗು ಬಾಯಿಗೆ ತುರುಕಿಕೊಂಡಳು.

“ಕೊನೇದು. ಮರಿ ಹೊರಗೆ ಬರೋ ಹೊತ್ತಲ್ಲಿ ಕಾವು ಬಿಟ್ಟು ಪೆಟ್ಟಿಗೆಗೆ ಇನ್ನೇನು ಬೇಕು?”

ಗೊತ್ತಪ್ಪನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮನೆ ತಿರುಗುತ್ತಿತ್ತು. ಅವನು ಗೋಡೆ ಹಿಡಿದು, ಹೆಂಡತಿಯ ಕಡೆ ಕೈಚಾಚಿ, ಸಾಯುವವನ ಹಾಗೆ ನರಳಿದ. “ನೀರು… ನೀರು…”

“ಸರಿ,” ಎಂದು ಮೇಡಂ ಮೂರನೇ ಗೆರೆ ಎಳೆದರು. “ನೂರಕ್ಕೆ ನೂರು.”

ಹೆಲ್ಮೆಟ್ ಸಾಹೇಬರು ಫೈಲಿನ ದಾರ ಬಿಗಿಯತೊಡಗಿದರು. ಬೇರಾವ ದಿನವಾದರೂ ಷಡ್ಡಕನ ಎದುರು ನೂರಕ್ಕೆ ನೂರು ಸಿಕ್ಕಿದ್ದರೆ ಗೊತ್ತಪ್ಪ ಬೀದಿಗೆಲ್ಲ ಸಿಹಿ ಹಂಚುತ್ತಿದ್ದ. ಭಟ್ಟಿಯ ಮಗಳು ಅವನನ್ನೇ ದಿಟ್ಟಿಸಿ ನೋಡುತ್ತಿದ್ದಳು. ಅವಳ ಅಂಗೈಯ ಚರ್ಮ ಇಟ್ಟಿಗೆಯ ಬಣ್ಣಕ್ಕೇ ತಿರುಗಿತ್ತು.

“ಮೇಡಂ, ನಾಲ್ಕನೇ ಪ್ರಶ್ನೆ ಕೇಳಿ,” ಎಂದ ಗೊತ್ತಪ್ಪ. “ಒಂದೇ ಒಂದು. ಈ ಸಲ ಖಂಡಿತ ತಪ್ಪು ಹೇಳ್ತೀನಿ.”

ಇದಕ್ಕಿಂತ ಕೆಟ್ಟ ಮಾತು ಅವನಿಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಪೆಟ್ಟಿಗೆಯಿಲ್ಲದೆಯೂ ಮೊಟ್ಟೆ ಬೇಯುತ್ತಿತ್ತು.

ಮೇಡಂ ಎದ್ದರು. ಪೆಟ್ಟಿಗೆಯ ಹತ್ತಿರ ಹೋಗಿ ಗಾಜಿನೊಳಗೆ ಇಣುಕಿದರು. ಒಳಗೆ ಐದಾರು ಮರಿಗಳು ಒದ್ದೆ ಹತ್ತಿಯ ಹಾಗೆ ಬಿದ್ದುಕೊಂಡಿದ್ದವು, ಇನ್ನೆಷ್ಟೋ ಮೊಟ್ಟೆಗಳಲ್ಲಿ ತೂತು ಬಿದ್ದು ಕೊಕ್ಕಿನ ತುದಿ ಕಾಣುತ್ತಿತ್ತು. “ಫೈಲಿಗೆ ಒಂದು ಫೋಟೋ ಬೇಕು,” ಎಂದು ಅವರು ಹೆಂಡತಿಗೆ ಹೇಳಿದರು. “ಮುಚ್ಚಳ ತೆಗೆದು ಒಂದು ಮರಿ ಕೈಯಲ್ಲಿ ಹಿಡಕೊಂಡು ನಿಲ್ಲಿ.”

“ಈಗ ಆಗಲ್ಲ ಮೇಡಂ. ನಾಳೆ ಬೆಳಿಗ್ಗೆ ಬನ್ನಿ.”

“ನಾಳೆ ಬರೋಕೆ ನನಗೆ ಬೇರೆ ಕೆಲಸ ಇಲ್ವಾ? ಒಂದು ನಿಮಿಷ ತೆಗೀರಿ.”

“ಈಗ ತೆಗೆದ್ರೆ ಒಳಗಿನ ಹಬೆ ಹೋಗತ್ತೆ. ಅರ್ಧ ಒಡೆದ ಮೊಟ್ಟೇಲಿ ಪೊರೆ ಒಣಗಿ ಮರಿಗೆ ಅಂಟಿಕೊಳ್ಳತ್ತೆ. ಹೊರಗೆ ಬರೋಕಾಗದೆ ಅಲ್ಲೇ ಸಾಯ್ತವೆ.”

“ಫೋಟೋ ಇಲ್ಲದೆ ಫೈಲು ಮುಂದಕ್ಕೆ ಹೋಗಲ್ಲ.”

ಹಾಲಿನಕ್ಕ ಹೆಂಡತಿಯ ತೋಳು ಚಿವುಟಿದಳು. “ತೆಗಿಯೇ ಮಾರಾಯ್ತಿ, ಒಂದು ನಿಮಿಷ.”

“ಹೋಗದಿದ್ರೆ ಬೇಡ,” ಎಂದಳು ಹೆಂಡತಿ. ಅವಳ ಕೈ ಮುಚ್ಚಳದ ಮೇಲೆ ಒತ್ತಿ ಕೂತಿತ್ತು. “ಸಾಲ ಬರದಿದ್ರೆ ಬರದೆ ಹೋಗ್ಲಿ. ಇವತ್ತು ಈ ಮುಚ್ಚಳ ಯಾರಿಗೂ ತೆಗೆಯೋಕೆ ಬಿಡಲ್ಲ.”

ಮೇಡಂ ಹೆಂಡತಿಯ ಮುಖವನ್ನು ನೋಡುತ್ತ ನಿಂತರು. ಹೆಂಡತಿಯೂ ಕಣ್ಣು ಕೆಳಗಿಳಿಸಲಿಲ್ಲ. ಭಟ್ಟಿಯ ತಾಯಿ ಮೆಲ್ಲಗೆ ಬಂದು ಅವಳ ಕೈಯ ಮೇಲೆ ತನ್ನ ಕೈಯನ್ನಿಡಲು ಹೋದಳು. ಸಮಾಧಾನಕ್ಕೋ, ಕೈ ತೆಗೆಸುವುದಕ್ಕೋ ಹೇಳಲಾಗದು. ಹೆಂಡತಿ ಅವಳ ಕಡೆಗೆ ತಿರುಗಿದಳು.

ಅಷ್ಟರಲ್ಲಿ ಗೊತ್ತಪ್ಪನಿಗೆ ಒಂದು ವಿಷಯ ಹೊಳೆಯಿತು. ಮೂರು ದಿನದಿಂದ ತಾನು ಕೆಡಿಸಿದ್ದನ್ನೆಲ್ಲ ಒಂದು ಫೋಟೋ ಸರಿಮಾಡಬಲ್ಲದು. ಇಷ್ಟು ಸಣ್ಣ ಕೆಲಸಕ್ಕೆ ಈ ಹೆಂಗಸರು ಇಷ್ಟು ರಂಪ ಮಾಡುತ್ತಿದ್ದಾರೆ. ಅವನು ಎರಡೇ ಹೆಜ್ಜೆಯಲ್ಲಿ ಪೆಟ್ಟಿಗೆ ತಲುಪಿ, ಸಡಿಲಾದ ಹೆಂಡತಿಯ ಕೈಯನ್ನು ಸರಿಸಿ, ಪಾತ್ರೆಯ ಮುಚ್ಚಳ ತೆಗೆಯುವ ಹಾಗೆ ಗಾಜಿನ ಮುಚ್ಚಳವನ್ನು ಎತ್ತಿ ತಲೆಯ ಮೇಲೆ ಹಿಡಿದ.

“ಇಷ್ಟೇ ತಾನೆ ಮೇಡಂ! ತಗೊಳ್ಳಿ ಫೋಟೋ!”

ಹಬೆ ಬುಸ್ಸೆಂದು ಮೇಲೆದ್ದು ಅವನ ಮುಖವನ್ನು ಮುಚ್ಚಿತು. ಅವನು ಇನ್ನೊಂದು ಕೈಯಿಂದ ಒಂದು ಒದ್ದೆ ಮರಿಯನ್ನು ಎತ್ತಿ, ಕ್ಯಾಮೆರಾ ಎಲ್ಲಿದೆಯೆಂದು ಹುಡುಕಿ, ಕಾಣದೆ, ಹೆಲ್ಮೆಟ್ ಸಾಹೇಬರ ಕಡೆಗೇ ಹಲ್ಲು ಬಿಟ್ಟು ನಿಂತ.

“ರೀ!”

ಆ ಕೂಗಿಗೆ ಕಿಟಕಿಯ ಮೇಷ್ಟ್ರು ಸರಳು ಬಿಟ್ಟು ಹಿಂದಕ್ಕೆ ಹಾರಿದರು. ಹೆಂಡತಿ ಅವನ ಕೈಯಿಂದ ಮುಚ್ಚಳ ಕಿತ್ತುಕೊಳ್ಳಲು ಹೋದಳು. ಫೋಟೋ ಇನ್ನೂ ಆಗಿಲ್ಲವೆಂದು ಅವನು ಬಿಡಲಿಲ್ಲ. ಐದೂ ಹೆಂಗಸರು ಸೇರಿ ಅವನನ್ನು ಎಳೆದು, ಮರಿಯನ್ನು ಒಳಗಿಟ್ಟು, ಮುಚ್ಚಳ ಹಾಕಿ, ಅಂಚಿಗೆಲ್ಲ ಒದ್ದೆ ಬಟ್ಟೆ ಸುತ್ತಿ, ಬಟ್ಟಲಿಗೆ ಬಿಸಿನೀರು ಸುರಿಯುವ ಹೊತ್ತಿಗೆ ಎರಡು ಮೂರು ನಿಮಿಷವೇ ಆಗಿತ್ತು. ಯಾರು ಏನು ಮಾಡಬೇಕೆಂದು ಹೆಂಡತಿ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಒಬ್ಬಳು ಒಲೆ ಹಚ್ಚಿದರೆ ಇನ್ನೊಬ್ಬಳ ಕೈಯಲ್ಲಿ ಪಾತ್ರೆಯಿತ್ತು. ಗೊತ್ತಪ್ಪ ಮೂಲೆಯಲ್ಲಿ ಅದೇ ನಗು ಹೊತ್ತು ನಿಂತಿದ್ದ. ಅದನ್ನು ಇ‍ಳಿಸಲು ಅವನಿಗೆ ಯಾರೂ ಹೇಳಿರಲಿಲ್ಲ.

ಮೇಡಂ ಅವನ ಹತ್ತಿರ ಬಂದು, ಮುಖವನ್ನು ಬಹಳ ಹೊತ್ತು ನೋಡಿದರು.

“ಬೇಕಂತಲೇ ಮಾಡಿದ್ರಾ?”

“ಫೋಟೋಗೆ ಮೇಡಂ. ಬಂತಾ?”

ಮೇಡಂ ಫೈಲು ಬಿಚ್ಚಿದರು. “ಬರ್ಕೊಳ್ಳಿ,” ಎಂದರು ಹೆಲ್ಮೆಟ್ ಸಾಹೇಬರಿಗೆ. “ಈ ಮನುಷ್ಯನಿಗೆ ಏನೂ ಗೊತ್ತಿಲ್ಲ. ಇಷ್ಟು ಗೊತ್ತಿಲ್ಲದಿರೋದನ್ನ ಯಾರೂ ನಟಿಸೋಕಾಗಲ್ಲ.” ಆಮೇಲೆ ಹೆಂಡತಿಯ ಕಡೆ ತಿರುಗಿ, ಇನ್ನೂ ಮೆಲ್ಲಗೆ ಹೇಳಿದರು. “ನೀವು ತೆಗೀತೀರೋ ಇಲ್ವೋ ಅಂತ ನೋಡೋಕೆ ಕೇಳಿದ್ದಮ್ಮ. ನಡೆಸೋಳು ತೆಗೆಯಲ್ಲ. ನೀವು ಬೇಡ ಅಂದಾಗಲೇ ನನ್ನ ವಿಚಾರಣೆ ಮುಗಿದಿತ್ತು. ತೆಗೆದೇ ಬಿಡೋ ಪ್ರಾಣಿ ಒಂದು ಮಧ್ಯದಲ್ಲಿ ಇರತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ.”

ಹಾಲಿನಕ್ಕ ನೆಲದ ಮೇಲೆ ಕೂತುಬಿಟ್ಟಳು. ಭಟ್ಟಿಯ ಮಗಳು ನಗಲು ಹೋಗಿ ಬಿಕ್ಕಿದಳು. ಸಾಲ ಮಂಜೂರು, ಆದರೆ ಸೋಮವಾರ ಗೊತ್ತಪ್ಪ ಬಾಲ ಎಳೆದು ಸಹಿ ಮಾಡಿದ ಹೇಳಿಕೆ ಫೈಲಿನಲ್ಲಿತ್ತು. ಅದನ್ನು ಹೊಡೆದುಹಾಕಲು ಇನ್ನೊಂದು ಹೇಳಿಕೆ ಬೇಕು, ಸಾಕ್ಷಿಯ ಸಮೇತ. ಹೆಲ್ಮೆಟ್ ಸಾಹೇಬರು ಬರೆದು ಗಟ್ಟಿಯಾಗಿ ಓದಿದರು. “ಈ ವ್ಯವಹಾರವು ನನ್ನ ಹೆಂಡತಿಯದು. ಇದರಲ್ಲಿ ನನ್ನ ಪಾತ್ರ ಯಾವುದೂ ಇರುವುದಿಲ್ಲ. ಇದರ ಬಗ್ಗೆ ನನಗೆ ಏನೂ ಗೊತ್ತಿರುವುದಿಲ್ಲ. ನಾನು ಹಿಂದೆ ಹೇಳಿದ್ದೆಲ್ಲ ಸುಳ್ಳು.”

ಷಡ್ಡಕ ಕಾಲ ಮೇಲಿನ ಕಾಲು ಇಳಿಸಿದ. ನಗು ನಿಂತಿತ್ತು.

ಗೊತ್ತಪ್ಪ ಪೆನ್ನು ಹಿಡಿದ. ಕಾಗದ ನೋಡಿದ. ಷಡ್ಡಕನ ಪ್ಯಾಂಟಿನ ಗೆರೆ ನೋಡಿದ. “ಮೇಡಂ,” ಎಂದ, “‘ಏನೂ’ ಅನ್ನೋ ಕಡೆ ‘ಹೆಚ್ಚೇನೂ’ ಅಂತ ಬರೆಯೋಕಾಗತ್ತಾ?”

“ಆಗಲ್ಲ.”

“‘ಅಷ್ಟಾಗಿ’?”

“ಆಗಲ್ಲ.”

“ಮೂರು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಿದ್ದು ಕೊನೇಲಿ ಒಂದು ಸಾಲು—”

“ರೀ,” ಎಂದಳು ಹೆಂಡತಿ. ಈ ಸಲ ಕೂಗಲಿಲ್ಲ. ಪೆಟ್ಟಿಗೆಯ ಪಕ್ಕ ಮೊಣಕಾಲೂರಿ, ಗಾಜಿನಿಂದ ಕಣ್ಣು ಕೀಳದೆ ಹೇಳಿದಳು. “ಸಹಿ ಹಾಕಿ. ಅದನ್ನಾದ್ರೂ ಚೆನ್ನಾಗಿ ಹಾಕಿ.”

ಅವನು ಹಾಕಿದ. ಬಾಲವಿಲ್ಲದೆ, ಕಿರಿದಾಗಿ. ಸಾಕ್ಷಿಯ ಜಾಗದಲ್ಲಿ ಷಡ್ಡಕ ತನ್ನ ಹೆಸರು ಬರೆದ.

ಸಂಜೆಯವರೆಗೆ ಗೊತ್ತಪ್ಪ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಹೆಂಡತಿ ಒದ್ದೆ ಬಟ್ಟೆ ಬದಲಿಸುತ್ತಲೇ ಇದ್ದಳು. ಷಡ್ಡಕ ಬಸ್ಸಿನ ಹೊತ್ತಾದರೂ ಹೊರಡದೆ ಬಂದು ಪಕ್ಕದಲ್ಲಿ ಕೂತ. ಮೂದಲಿಕೆಗೆ ಗೊತ್ತಪ್ಪ ಬೆನ್ನು ಬಾಗಿಸಿ ಸಿದ್ಧನಾದ.

“ಷಡ್ಡಕರೇ,” ಎಂದ ಅವನು, ಆಚೀಚೆ ನೋಡಿ. “ಆ ಹೇಳಿಕೆ ಇದೆಯಲ್ಲ, ಅದರಲ್ಲಿ ಏನೇನಿತ್ತು ಅಂತ ಒಂದು ಚೀಟೀಲಿ ಬರ್ಕೊಡ್ತೀರಾ?”

“ಯಾಕೆ?”

“ನಮ್ಮನೆಯವಳೂ ಒಂದು ಗುಂಪಿಗೆ ಸೇರಿದ್ದಾಳೆ. ಸಾಲ ತಗೊಂಡು ಹಿಟ್ಟಿನ ಗಿರಣಿ ಹಾಕಿದ್ದಾಳೆ. ಹೋದ ವಾರ ಆಫೀಸರು ಬಂದಾಗ ಮನೇಲಿ ನಾನೊಬ್ಬನೇ ಇದ್ದೆ. ಎಲ್ಲ ನಂದೇ ಅಂದುಬಿಟ್ಟೆ, ಬರೋ ವಾರ ಅಲ್ಲಿಗೂ ಮೇಡಂ ಬರ್ತಾರಂತೆ.” ಅವನು ಪ್ಯಾಂಟಿನ ಗೆರೆಯನ್ನು ಉಗುರಿನಿಂದ ತೀಡಿದ. “ಇಲ್ಲಿ ಬಂದು ನಿಮ್ಮ ಹತ್ರ ನಾಲ್ಕು ಮಾತು ಕಲಿತರೆ ಮೇಡಂ ಮುಂದೆ ಮಾನ ಉಳಿಸ್ಕೋಬಹುದು ಅಂತ ಬಂದೆ. ಈಗ ನೋಡಿದ್ರೆ ಕಲಿಯಬೇಕಾದ್ದೇ ಬೇರೆ.”

ಗೊತ್ತಪ್ಪ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ. ಅವನ ಹುಬ್ಬು ಬೆಳಗಿನಿಂದ ಮೊದಲ ಸಲ ಮೇಲೇರಿತು.

“ಚೀಟೀಲಿ ಆಗೋ ಕೆಲಸ ಅಲ್ಲ ಅದು,” ಎಂದ. “ಏನೂ ಗೊತ್ತಿಲ್ಲ ಅನ್ನೋದು ನೀವು ಅಂದ್ಕೊಂಡಷ್ಟು ಸುಲಭ ಅಲ್ಲ. ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಮೊದಲು ಹುಬ್ಬು ಇಳಿಸಬೇಕು. ಹೂಂ, ಇಳಿಸಿ ನೋಡೋಣ. ಇನ್ನೂ…”

ಹಿತ್ತಿಲ ಬಾಗಿಲು ತೆರೆಯಿತು. ಹೆಂಡತಿ ಒಂದು ಡಬ್ಬಿಯನ್ನೂ ಗುದ್ದಲಿಯನ್ನೂ ಅವನ ಕಾಲ ಬಳಿ ಇಟ್ಟಳು. ಡಬ್ಬಿಯಲ್ಲಿ ಹನ್ನೊಂದು ಮೊಟ್ಟೆಗಳಿದ್ದವು. ಎಲ್ಲದರಲ್ಲೂ ಒಂದೊಂದು ತೂತು, ತೂತಿನಲ್ಲಿ ಒಂದೊಂದು ಕೊಕ್ಕು, ಒಣಗಿದ ಪೊರೆ. ಯಾವುದೂ ಅಲುಗುತ್ತಿರಲಿಲ್ಲ.

“ಎಪ್ಪತ್ತೊಂದು ಬಂದವು. ನಾಲ್ಕು ಇನ್ನೂ ನೋಡಬೇಕು,” ಎಂದಳು. “ಇವು ನಿಮ್ಮವು.”

ಇಬ್ಬರು ಷಡ್ಡಕರೂ ಎದ್ದರು. ಗೋಡೆಯ ಪಕ್ಕ ಗೊತ್ತಪ್ಪ ಅಗೆಯತೊಡಗಿದ, ಇನ್ನೊಬ್ಬ ಪ್ಯಾಂಟು ಮಡಚಿ ಮಣ್ಣು ಎತ್ತಿಹಾಕಿದ. ಗೇಣು ಆಳವಾದ ಮೇಲೆ ಗೊತ್ತಪ್ಪ ಡಬ್ಬಿಗೆ ಕೈಹಾಕಿದ.

“ಇನ್ನೂ ಆಳ,” ಎಂದಳು ಹೆಂಡತಿ ಬಾಗಿಲಿನಿಂದ. “ನಾಯಿ ಕೆದರತ್ತೆ.”

ಇಬ್ಬರೂ ಮತ್ತೆ ಅಗೆದರು.